ಎರಿ ಹೊಲದಲ್ಲಿ ಗೊಬ್ಬರ ನಿಂತ ಬಗೆ: ನನ್ನ ಅನುಭವ

ಮುಧೋಳ ಕಡೆ ಕಬ್ಬು ಬೆಳೆಯುವವರಿಗೆ ಈ ಮಾತು ಬಾಯಿಪಾಠ: "ಎರಿಗೆ ಎಷ್ಟು ಗೊಬ್ಬರ ಹಾಕಿದ್ರೂ ನುಂಗತೈತಿ." ಎರಿ ಅಂದರೆ ನಮ್ಮ ಕಪ್ಪು ಜೇಡಿ ಮಣ್ಣು. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನ್ನ ನಾಲ್ಕೆಕರೆಯಲ್ಲಿ ಸಾವಯವ ಇಂಗಾಲ ನೂರಕ್ಕೆ 0.7ರ ಹತ್ತಿರ ಬಂದು ನಿಂತಿದೆ. ಶುರು ಮಾಡಿದಾಗ 0.4 ಕೂಡ ಇರಲಿಲ್ಲ. ಏಳೆಂಟು ವರ್ಷ ಹಿಡಿಯಿತು. ಮೊದಮೊದಲು ನಕ್ಕವರೇ ಈಗ ಬಾಟಲಿ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬಾಟಲಿ ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ವರ್ಷಾ ವರ್ಷ ಎಕರೆಗೆ ನಾಲ್ಕು ಟ್ರೇಲರ್ ತಿಪ್ಪೆಗೊಬ್ಬರ ಹಾಕುತ್ತಿದ್ದೆ. ಟ್ರೇಲರ್‌ಗೆ ನಾಲ್ಕು ಸಾವಿರದ ಮೇಲೆ, ಚೆಲ್ಲುವ ಕೂಲಿ ಬೇರೆ. ಹತ್ತಿರ ಹತ್ತಿರ ಎಪ್ಪತ್ತು ಸಾವಿರ ಹೋಗುತ್ತಿತ್ತು. ಮಣ್ಣು ಪರೀಕ್ಷೆಯ ಚೀಟಿ ನೋಡಿದರೆ ಅದೇ 0.38, ಅದೇ 0.39. ಲೆಕ್ಕ ಹಾಕಿ ನೋಡಿ. ಎಕರೆಗೆ ಆರಿಂಚು ಆಳದ ಮಣ್ಣು ಸುಮಾರು 9 ಲಕ್ಷ ಕಿಲೋ. ಇಂಗಾಲ 0.1 ಏರಬೇಕಾದರೆ 900 ಕಿಲೋ ಇಂಗಾಲ ಮಣ್ಣಲ್ಲಿ ಉಳಿಯಬೇಕು. ನಾಲ್ಕು ಟ್ರೇಲರ್‌ನಲ್ಲಿ ನೀರು, ಮಣ್ಣು, ಕಲ್ಲು ಎಲ್ಲ ಕಳೆದರೆ ಹೆಚ್ಚೆಂದರೆ ಒಂದೂವರೆ ಟನ್ ಇಂಗಾಲ ಸಿಗುತ್ತದೆ. ನಮ್ಮ ಬಿಸಿಲಿಗೆ ಅದರಲ್ಲಿ ಬಹಳಷ್ಟು ಕೊಳೆತು ಗಾಳಿಗೆ ಹೋಗುತ್ತದೆ, ಸರಿ. ಆದರೂ ವರ್ಷಕ್ಕೆ ಒಂದಿಷ್ಟಾದರೂ ಉಳಿಯಬೇಕಲ್ವಾ? ನಮ್ಮಲ್ಲಿ ಅದೂ ಉಳಿಯುತ್ತಿರಲಿಲ್ಲ.

ಚೀಟಿಯ ಬಗ್ಗೆ ಇನ್ನೊಂದು ವಿಷಯ. ನಮ್ಮ ಕೆಳಗಿನ ಮೂಲೆ ಸವಳು, ಅಂದರೆ ಉಪ್ಪು ಏರಿದ ಮಣ್ಣು. ಕಬ್ಬು ಮೊಳಕಾಲುದ್ದ ಬೆಳೆದು ಅಲ್ಲಿಗೇ ನಿಲ್ಲುತ್ತಿತ್ತು. ಆ ಮೂಲೆಯ ಮಣ್ಣಿಗೆ ಒಮ್ಮೆ 0.6ರ ಮೇಲೆ ಇಂಗಾಲ ಅಂತ ಚೀಟಿ ಬಂತು! ಎಲ್ಲಕ್ಕಿಂತ ಕೆಟ್ಟ ಜಾಗಕ್ಕೆ ಎಲ್ಲಕ್ಕಿಂತ ಒಳ್ಳೆಯ ನಂಬರ್. ಆಮೇಲೆ ಗೊತ್ತಾಯಿತು. ಪರೀಕ್ಷೆಯಲ್ಲಿ ಡೈಕ್ರೋಮೇಟ್ ಅನ್ನೋ ರಾಸಾಯನಿಕ ಹಾಕುತ್ತಾರೆ. ಅದು ಇಂಗಾಲದ ಮೇಲೆ ಎಷ್ಟು ಖರ್ಚಾಯಿತು ಅನ್ನೋದನ್ನೇ ಅಳೆಯುತ್ತಾರೆ. ಉಪ್ಪಿನ ಮಣ್ಣಲ್ಲಿರುವ ಕ್ಲೋರೈಡ್ ಕೂಡ ಅದನ್ನು ತಿನ್ನುತ್ತದೆ. ನಂಬರ್ ಸುಮ್ನೆ ಏರುತ್ತದೆ. ಸಿಲ್ವರ್ ಸಲ್ಫೇಟ್ ಹಾಕಿ ಮಾಡಿದರೆ ಸರಿಯಾಗಿ ಬರುತ್ತದೆ. ಹಾಗಾಗಿ ಸವಳು ಮಣ್ಣು ಕೊಡುವಾಗ ಚೀಲದ ಮೇಲೆ "ಸವಳು" ಅಂತ ದೊಡ್ಡದಾಗಿ ಬರೆದು ಕೊಡಿ, ಬಾಯಲ್ಲೂ ಹೇಳಿ.

ಗೊಬ್ಬರ ಎಲ್ಲಿಗೆ ಹೋಗುತ್ತಿದೆ ಅನ್ನೋದು ಕಣ್ಣಿಗೇ ಕಾಣುತ್ತಿತ್ತು, ನಾವು ನೋಡುತ್ತಿರಲಿಲ್ಲ ಅಷ್ಟೆ. ನೀರು ಹಾಯಿಸಿದ ಮರುದಿನ ಕೆಳಗಿನ ಸಾಲಲ್ಲಿ ನಿಂತ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಆರಿದ ಮೇಲೆ ಮಣ್ಣಿನ ಮೇಲೆ ಕರಿ ಜಿಡ್ಡಿನಂಥ ಪದರ ಉಳಿಯುತ್ತಿತ್ತು. ಅದು ಬರೀ ಮಣ್ಣಿನ ಕೆಸರಲ್ಲ, ಕರಗಿದ ಗೊಬ್ಬರದ ಸತ್ವ. ಸೋಡಿಯಂ ಜಾಸ್ತಿ ಇರುವ ಮಣ್ಣಲ್ಲಿ ಹ್ಯೂಮಸ್ (ಗೊಬ್ಬರ ಕೊಳೆತು ಉಳಿಯುವ ಕಪ್ಪು ಸತ್ವ) ನೀರಿಗೆ ಬಿಟ್ಟುಕೊಳ್ಳುತ್ತದೆ. ಜೇಡಿಯ ಕಣಗಳೂ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ತೇಲುತ್ತವೆ. ನಾನು ಮೇಲಿನಿಂದ ಸುರಿಯುತ್ತಿದ್ದೆ, ಅದು ಕೆಳಗಿನಿಂದ ಹಳ್ಳಕ್ಕೆ ಹೋಗುತ್ತಿತ್ತು.

ಈಗ ಬಾಟಲಿ. ಆ ಕಂದು ನೀರನ್ನು ಎರಡು ಖಾಲಿ ಬಿಸ್ಲೇರಿ ಬಾಟಲಿಗೆ ತುಂಬಿದೆ. ಒಂದಕ್ಕೆ ಏನೂ ಹಾಕಲಿಲ್ಲ. ಇನ್ನೊಂದಕ್ಕೆ ಒಂದು ಚಮಚ ಜಿಪ್ಸಂ ಪುಡಿ ಹಾಕಿ ಕುಲುಕಿ ಕಟ್ಟೆಯ ಮೇಲೆ ಇಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಜಿಪ್ಸಂ ಬಾಟಲಿಯಲ್ಲಿ ಕಪ್ಪೆಲ್ಲ ಗಡ್ಡೆಗಡ್ಡೆಯಾಗಿ ತಳಕ್ಕೆ ಕೂತಿತ್ತು, ಮೇಲೆ ತಿಳಿನೀರು. ಇನ್ನೊಂದು ಬಾಟಲಿ ಮರುದಿನವೂ ರಾಡಿ ರಾಡಿ. ಜಿಪ್ಸಂನ ಕ್ಯಾಲ್ಸಿಯಂ ಒಂದು ಕಡೆ ಜೇಡಿಯನ್ನು, ಇನ್ನೊಂದು ಕಡೆ ಹ್ಯೂಮಸ್ಸನ್ನು ಹಿಡಿದು ಎರಡನ್ನೂ ಕಟ್ಟುತ್ತದೆ. ಆ ಗಂಟಿನ ಒಳಗೆ ಸಿಕ್ಕ ಗೊಬ್ಬರಕ್ಕೆ ಸೂಕ್ಷ್ಮಜೀವಿಗಳ ಬಾಯಿ ಸುಲಭಕ್ಕೆ ಎಟುಕುವುದಿಲ್ಲ. ನನಗೆ ಬೇಕಾಗಿದ್ದ ಸಿದ್ಧಾಂತ ಇಷ್ಟೇ.

ಆದರೆ ಬಾಟಲಿಯಲ್ಲಿ ಆಗಿದ್ದು ಹೊಲದಲ್ಲಿ ಆಗಲಿಲ್ಲ. ಮೊದಲ ವರ್ಷ ಎಕರೆಗೆ ಎರಡು ಟನ್ ಜಿಪ್ಸಂ. ಬಾಡಿಗೆ ಸೇರಿ ಎಕರೆಗೆ ಒಂಬತ್ತು ಸಾವಿರ ಬಿತ್ತು. ನಮ್ಮ ಓಣಿಯ ಒಬ್ಬ ಕಾಕಾ, "ಲೇ ತಮ್ಮಾ, ಪಿಓಪಿ ಮಾಡೋ ಸಾಮಾನ ಅದು. ಹೊಲಕ್ಕ ಗಿಲಾವ್ ಮಾಡಾಕತ್ತಿ ಏನು?" ಅಂತ ಎಲ್ಲರೆದುರು ಕೇಳಿದರು. ಫಲಿತಾಂಶ ನೋಡಿದರೆ ಅವರೇ ಸರಿ ಅನಿಸುವಂತಿತ್ತು. ಎರಡು ಕಾರಣ. ಒಂದು, ಕ್ಯಾಲ್ಸಿಯಂ ಹೊರಗೆ ತಳ್ಳಿದ ಸೋಡಿಯಂ ಹೋಗಲು ದಾರಿಯೇ ಇರಲಿಲ್ಲ. ಕೆಳಗೆ ಇಳಿದದ್ದು ಬೇಸಿಗೆಯಲ್ಲಿ ಮತ್ತೆ ಮೇಲೆ ಬಂತು. ಎರಡು, ಒಬ್ಬ ವ್ಯಾಪಾರಿ ಕಳಿಸಿದ ಲೋಡಿನಲ್ಲಿ ಅರ್ಧ ಸುಣ್ಣಕಲ್ಲಿನ ಪುಡಿ ಇತ್ತು. ಇದನ್ನು ಕಂಡುಹಿಡಿಯೋದು ಸುಲಭ. ಬಚ್ಚಲು ತೊಳೆಯುವ ಆಸಿಡ್ ನಾಲ್ಕು ಹನಿ ಹಾಕಿ. ಜಿಪ್ಸಂ ಸುಮ್ಮನಿರುತ್ತದೆ, ಸುಣ್ಣಕಲ್ಲು ಬುಸ್ಸಂತ ನೊರೆ ಬರುತ್ತದೆ. ಲೋಕಾಪುರದ ಕಡೆ ಸುಣ್ಣಕಲ್ಲು ಬೇಕಾದಷ್ಟಿದೆ, ಬೆರಕೆಗೆ ಏನು ಕಡಿಮೆ. ಈಗ ಲೋಡ್ ಇಳಿಸುವ ಮೊದಲೇ ಪ್ರತಿ ಮೂಲೆಯ ಚೀಲಕ್ಕೆ ಆಸಿಡ್ ಹಾಕುತ್ತೇನೆ. ಡ್ರೈವರ್ ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಸೋಡಿಯಂ ನೀರಿನ ಜೊತೆ ಹೊರಗೆ ಹೋಗಲಿ ಅಂತ ಬಸಿಗಾಲುವೆ ತೆಗೆಸಲು ಜೆಸಿಬಿ ತರಿಸಿದೆ. ಕೆಳಗಿನ ಬದುವಿಗೆ ನಾಲ್ಕಡಿ ಆಳ, ಅಲ್ಲಿಂದ ಹಳ್ಳದವರೆಗೆ. ಪಕ್ಕದ ಹೊಲದವರನ್ನು ಒಪ್ಪಿಸಲಿಕ್ಕೆ ಆದ ಖರ್ಚು ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಟ್ಟು ನಲವತ್ತು ಸಾವಿರದ ಆಸುಪಾಸು, ಜೊತೆಗೆ ಎರಡು ಗುಂಟೆ ಜಾಗ. ನೆಲದೊಳಗೆ ಪೈಪ್ ಹಾಕಿಸಿದರೆ ಇನ್ನೂ ಒಳ್ಳೆಯದು, ಆದರೆ ಆಗ ಕೈಯಲ್ಲಿ ಅಷ್ಟು ಇರಲಿಲ್ಲ. ಬಸಿಗಾಲುವೆ ಆದ ಮೇಲೆ ಅದೇ ಜಿಪ್ಸಂ ಕೆಲಸ ಶುರು ಮಾಡಿತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಕಂದು ನೀರು ನಿಂತಿತು.

ನಡುವೆ ಗಂಧಕದ ಪ್ರಯೋಗವನ್ನೂ ಮಾಡಿದೆ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಇಳಿಸಬೇಕು ಅಂತ ಅಂಗಡಿಯವನ ಮಾತು. ಎಕರೆಗೆ ನಲವತ್ತು ಕಿಲೋ ಹಾಕಿದೆ. ಪಿಎಚ್ ಜಗ್ಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಮಣ್ಣಲ್ಲಿ ನೂರಕ್ಕೆ ಹತ್ತು ಭಾಗ ಸುಣ್ಣ ಅಂತಿಟ್ಟುಕೊಳ್ಳಿ. ಎಕರೆಗೆ 90 ಟನ್ ಆಯಿತು. ಒಂದು ಕಿಲೋ ಗಂಧಕ ಮಣ್ಣಲ್ಲಿ ಆಸಿಡ್ ಆಗಿ ಮೂರು ಕಿಲೋ ಸುಣ್ಣ ಕರಗಿಸುತ್ತದೆ. ಸುಣ್ಣ ಇರುವ ತನಕ ಪಿಎಚ್ ಇಳಿಯುವುದಿಲ್ಲ, ಅಂದರೆ ಅದನ್ನು ಮುಗಿಸಲಿಕ್ಕೆ 30 ಟನ್ ಗಂಧಕ ಬೇಕು! ಹೊಲ ಮಾರಿದರೂ ಆಗದ ಮಾತು. ಬೆಳೆಗೆ ಗಂಧಕ ಬೇಕು, ಅದು ಬೇರೆ ವಿಷಯ. ಸುಣ್ಣದ ಎರಿಯಲ್ಲಿ ಪಿಎಚ್ 8.2, 8.3 ಇದ್ದರೆ ಅದರ ಪಾಡಿಗೆ ಬಿಡಿ. 8.5 ದಾಟಿದರೆ ಸೋಡಿಯಂ ಮೇಲೆ ಅನುಮಾನ ಪಡಿ.

ಇದೇ ಸಾಲಿಗೆ ಹ್ಯೂಮಿಕ್ ಬಾಟಲಿಗಳನ್ನೂ (ಹ್ಯೂಮಸ್ಸಿನ ದ್ರವ ಸಾರ) ಸೇರಿಸುತ್ತೇನೆ. ಡ್ರಿಪ್‌ನಲ್ಲಿ ಬಿಟ್ಟರೆ ಇಂಗಾಲ ಏರುತ್ತದೆ ಅಂತ ಒಬ್ಬರು ಮಾರಿದರು. ಎಕರೆಗೆ ಎರಡು ಲೀಟರ್‌ನಲ್ಲಿ ಎಷ್ಟು ಕಿಲೋ ಇಂಗಾಲ ಇದ್ದೀತು? 900 ಕಿಲೋ ಲೆಕ್ಕದ ಎದುರು ಅದು ಯಾವ ಮೂಲೆಗೆ? ನಮ್ಮ ಗಡಸು ಬೋರ್ ನೀರಿಗೆ ಬೆರೆಸಿದ ಕೂಡಲೇ ಬಾಟಲಿ ಪ್ರಯೋಗದಲ್ಲಿ ಆದದ್ದೇ ಆಯಿತು. ಕ್ಯಾಲ್ಸಿಯಂ ಅದನ್ನು ಪೈಪಿನೊಳಗೇ ಗಡ್ಡೆ ಮಾಡಿತು. ಅರ್ಧ ಡ್ರಿಪ್ಪರ್ ಕಟ್ಟಿ ಹೋದವು.

ರವದಿ, ಅಂದರೆ ಕಬ್ಬಿನ ಒಣ ಸೋಗೆಯ ವಿಷಯಕ್ಕೆ ಬರೋಣ. ಬೆಂಕಿ ಹಚ್ಚೋದನ್ನು ಬಿಟ್ಟಿದ್ದಕ್ಕೆ ಕಬ್ಬು ಕಡಿಯುವ ಗ್ಯಾಂಗಿನವರಿಂದ ಹಿಡಿದು ಮನೆಯವರ ತನಕ ಎಲ್ಲರೂ ಬೈದರು. ಕುಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ನೀರು ಹಾಯಿಸಲು ಆಗುವುದಿಲ್ಲ, ಇಲಿ ಬರುತ್ತದೆ, ಹಾವು ಬರುತ್ತದೆ ಅಂತ. ಇಲಿ ಬಂದಿದ್ದು ನಿಜ. ಆದರೆ ನಲವತ್ತು ಟನ್ ಕಬ್ಬಿಗೆ ಮೂರ್ನಾಲ್ಕು ಟನ್ ಒಣ ರವದಿ ಸಿಗುತ್ತದೆ. ಅದರಲ್ಲಿ ಒಂದೂವರೆ ಟನ್ ಇಂಗಾಲ. ನಾಲ್ಕು ಟ್ರೇಲರ್ ಗೊಬ್ಬರದಷ್ಟೇ ಆಯಿತಲ್ವಾ? ಅದೂ ಪುಕ್ಕಟೆ. ಪುಡಿ ಮಾಡುವ ಯಂತ್ರದ ಬಾಡಿಗೆ ಎಕರೆಗೆ ಎರಡು ಸಾವಿರದ ಮೇಲೆ ಅಷ್ಟೆ. ಮೊದಲ ಸಲ ಯೂರಿಯಾ ಕೊಡದೆ ಬಿಟ್ಟೆ, ಕುಳೆ ಹಳದಿ ಬಿತ್ತು. ರವದಿಯಲ್ಲಿ ನೂರು ಭಾಗ ಇಂಗಾಲಕ್ಕೆ ಸಾರಜನಕ ಒಂದೇ ಭಾಗ. ಕೊಳೆಸುವ ಜೀವಿಗಳು ಬೆಳೆಯ ಪಾಲನ್ನು ಕಿತ್ತುಕೊಳ್ಳುತ್ತವೆ. ಈಗ ಎಕರೆಗೆ ಒಂದು ಚೀಲಕ್ಕೂ ಸ್ವಲ್ಪ ಜಾಸ್ತಿ ಕೊಡುತ್ತೇನೆ. ನಮ್ಮಂಥ ಮಣ್ಣಲ್ಲಿ ಮೇಲೆ ಚೆಲ್ಲಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಅದಕ್ಕೇ ಚೆಲ್ಲಿದ ಕೂಡಲೇ ನೀರು ಬಿಡುತ್ತೇನೆ.

ರವದಿಯಿಂದ ನಾನು ಎಣಿಸದೇ ಇದ್ದ ಇನ್ನೊಂದು ಲಾಭವಾಯಿತು. ಸುಣ್ಣ ಅಂದರೆ ಕ್ಯಾಲ್ಸಿಯಂ ತಾನೆ, ಎಕರೆಗೆ 90 ಟನ್ ಬಿದ್ದಿದೆ, ಆದರೆ ಕರಗುವುದಿಲ್ಲ. ರವದಿ ಕೊಳೆಯುವಾಗ, ಬೇರು ಉಸಿರಾಡುವಾಗ ಬರುವ ಇಂಗಾಲದ ಡೈಆಕ್ಸೈಡ್ ನೀರಲ್ಲಿ ಸೇರಿ ಸೌಮ್ಯ ಆಸಿಡ್ ಆಗುತ್ತದೆ. ಅದು ಆ ಸುಣ್ಣವನ್ನು ಇಷ್ಟಿಷ್ಟೇ ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಅಂದರೆ ಜಿಪ್ಸಂ ಮಾಡುವ ಕೆಲಸವನ್ನೇ ರವದಿ ನಿಧಾನಕ್ಕೆ ಮಾಡುತ್ತದೆ. ನಾಲ್ಕನೇ ವರ್ಷದಿಂದ ಜಿಪ್ಸಂ ಅರ್ಧ ಟನ್‌ಗೆ ಇಳಿಸಿದ್ದೇನೆ, ಏನೂ ಕೆಡಲಿಲ್ಲ. ತಿಪ್ಪೆಗೊಬ್ಬರ ಎಕರೆಗೆ ಒಂದು ಟ್ರೇಲರ್, ಅದೂ ವರ್ಷ ಬಿಟ್ಟು ವರ್ಷ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಸಿಕ್ಕರೆ ಬಿಡುವುದಿಲ್ಲ. ಗಂಧಕದ ಹೊಗೆ ಕೊಟ್ಟು ರಸ ಶುದ್ಧ ಮಾಡುವ ಕಾರ್ಖಾನೆಯದೇ ಆಗಬೇಕು. ಕಾರ್ಬೊನೇಷನ್ ಪದ್ಧತಿಯದರಲ್ಲಿ ಸುಣ್ಣವೇ ಜಾಸ್ತಿ, ಅದು ಹುಳಿ ಮಣ್ಣಿಗೆ ಸರಿ, ನಮಗೆ ಬೇಡ. ಹಸಿ ಮಾಲು ಬಿಸಿಯಾಗಿ ಬೇರು ಸುಡುತ್ತದೆ, ಮೂರ್ನಾಲ್ಕು ತಿಂಗಳು ಗುಂಪೆ ಹಾಕಿ ಇಡಿ.

ಮಣ್ಣು ಪುಡಿ ಮಾಡುವ ರೋಟರ್ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನಮ್ಮ ತಮ್ಮನಿಗೆ ಹೊಲ ಹಿಟ್ಟಿನ ಹಾಗೆ ಆಗದಿದ್ದರೆ ಸಮಾಧಾನ ಇಲ್ಲ. ಅವನ ಭಾಗಕ್ಕೆ ಎರಡು ಸಲ ರೋಟರ್ ಹೊಡೆಸಿದ, ನನ್ನದಕ್ಕೆ ಹೊಡೆಸಲಿಲ್ಲ. ಎರಡೂ ಕಡೆ ಒಣ ಮಣ್ಣಿಗೆ ಒಂದೊಂದು ಕೊಡ ನೀರು ಹಾಕಿದೆ. ಎಲೆಗೆ ಹಚ್ಚುವ ಸುಣ್ಣವನ್ನು ನೀರಲ್ಲಿ ಕದಡಿ, ಮೇಲಿನ ತಿಳಿಯನ್ನು ಎರಡು ತಟ್ಟೆಗೆ ಹಾಕಿ, ನೆಲಕ್ಕಿಟ್ಟು ಬುಟ್ಟಿ ಬೋರಲು ಹಾಕಿದೆ. ಬಿದಿರಿನದಲ್ಲ, ಪ್ಲಾಸ್ಟಿಕ್ ಬುಟ್ಟಿ, ಅಂಚಿಗೆ ಮಣ್ಣು ಮೆತ್ತಿ. ಬೆಳಿಗ್ಗೆ ನೋಡಿದರೆ ಅವನ ತಟ್ಟೆಯಲ್ಲಿ ಬಿಳಿ ಕೆನೆ ದಪ್ಪಗೆ ಕಟ್ಟಿತ್ತು, ನನ್ನದರಲ್ಲಿ ತೆಳ್ಳಗೆ. ಆ ಬಿಳಿ ಕೆನೆ ಅಂದರೆ ಮಣ್ಣಿನಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಸುಣ್ಣದ ತಿಳಿಗೆ ಸೇರಿ ಕಟ್ಟಿದ್ದು. ಗಂಟು ಒಡೆದರೆ ಒಳಗೆ ಬಚ್ಚಿಟ್ಟದ್ದು ಹೊರಗೆ ಬೀಳುತ್ತದೆ, ಅದಕ್ಕೆ ನೀರು ತಾಗಿದ ಕೂಡಲೇ ಜೀವಿಗಳು ಮುಗಿಬೀಳುತ್ತವೆ. ತಮ್ಮ ಒಪ್ಪಲಿಲ್ಲ. "ಆ ಸುಣ್ಣ ಹಳೇದೈತಿ" ಅಂದ.

ಬಾದಾಮಿ ಕಡೆ ಬೀಗರ ಮಸಾರಿ ಹೊಲವಿದೆ. ಅಲ್ಲಿಗೂ ಹುರುಪಿನಿಂದ ಜಿಪ್ಸಂ ಹಾಕಿಸಿದೆ. ಏನೂ ಆಗಲಿಲ್ಲ. ಆ ಕೆಂಪು ಮಣ್ಣಲ್ಲಿ ಗೊಬ್ಬರ ಹಿಡಿಯೋದು ಕಬ್ಬಿಣದ ತುಕ್ಕು. ಆದರೆ ಮರಳೇ ಜಾಸ್ತಿ, ಹಿಡಿಯುವ ಜಾಗವೇ ಕಡಿಮೆ. ಅಲ್ಲಿ ಕೆಲಸ ಮಾಡಿದ್ದು ಕೆರೆ ಹೂಳು. ಹೂಳಿನ ಜೊತೆ ಜೇಡಿ ಬಂತು, ಅದರ ಮೇಲೆ ಗೊಬ್ಬರ ನಿಂತಿತು. ಅಲ್ಲಿನ ತಗ್ಗಿನಲ್ಲಿ ನೀರು ನಿಲ್ಲಲು ಬಿಡಬೇಡಿ ಅಂತಲೂ ಹೇಳಿದ್ದೇನೆ. ಗಾಳಿಯಿಲ್ಲದ ಕಡೆ ಆ ತುಕ್ಕು ಕರಗುತ್ತದೆ, ಹಿಡಿದುಕೊಂಡಿದ್ದನ್ನೂ ಬಿಟ್ಟುಬಿಡುತ್ತದೆ. ಬದುವಿನ ಹತ್ತಿರ ಜಿನುಗುವ ನೀರಿನ ಮೇಲೆ ಕಿತ್ತಳೆ ಬಣ್ಣದ ಪೊರೆ ಕಂಡರೆ ಅದೇ.

ಇನ್ನು ಬೋರ್ ನೀರು. ಕಾಲುವೆ ಬಂದ್ ಆದಾಗ ನಮಗೆ ಅದೇ ಗತಿ. ಅದರಲ್ಲಿ ಸೋಡಿಯಂ ಇದೆ, ಬೈಕಾರ್ಬೊನೇಟೂ ಇದೆ. ಬೈಕಾರ್ಬೊನೇಟ್ ಮಣ್ಣಿನ ಕ್ಯಾಲ್ಸಿಯಂ ಹಿಡಿದು ಸುಣ್ಣ ಮಾಡಿ ಕೂರಿಸುತ್ತದೆ, ಮೈದಾನ ಸೋಡಿಯಂಗೆ. ಹಾಗಾಗಿ ನೀರಿಗೇ ಜಿಪ್ಸಂ ಕರಗಿಸಿ ಬಿಡುತ್ತೇನೆ. ಲೀಟರ್‌ಗೆ ಎರಡು ಗ್ರಾಂ ಚಿಲ್ಲರೆಗಿಂತ ಜಾಸ್ತಿ ಕರಗುವುದಿಲ್ಲ, ಅಷ್ಟು ಕರಗಲಿಕ್ಕೂ ನೀರು ಅದರ ಮೇಲೆ ಹರಿದಾಡಬೇಕು. ತೊಟ್ಟಿಯಲ್ಲಿ ಚೀಲವನ್ನು ಹೇಗೆ ಕೂರಿಸಿದ್ದೇನೆ, ಜಿಪ್ಸಂ ಜೊತೆ ಇನ್ನೇನು ಬೆರೆಸುತ್ತೇನೆ ಅನ್ನೋದನ್ನು ಹೇಳುವುದಿಲ್ಲ. ಹೊಲಕ್ಕೆ ಬಂದವರು ನೋಡಿಕೊಂಡು ಹೋಗಲಿ.

ಇಳುವರಿ ಕೇಳುತ್ತೀರಿ. ಮೊದಲು ಎಕರೆಗೆ ಮೂವತ್ತು ಟನ್ ಮುಟ್ಟಿದರೆ ಹಬ್ಬ. ಈಗ ನಾಟಿ ಕಬ್ಬು ಐವತ್ತರ ಹತ್ತಿರ, ಕುಳೆ ನಲವತ್ತರ ಮೇಲೆ. ಗೊಬ್ಬರದ ಎಪ್ಪತ್ತು ಸಾವಿರ ಎಲ್ಲ ಸೇರಿ ಈಗ ಮೂವತ್ತರ ಒಳಗೆ. ಗಿಲಾವ್ ಅಂದಿದ್ದ ಕಾಕಾ ಹೋದ ವರ್ಷ ಎರಡು ಲೋಡ್ ಜಿಪ್ಸಂ ತರಿಸಿದರು. ಬಸಿಗಾಲುವೆ ತೆಗೆಸಿ ಅಂದರೆ ಮಾತ್ರ ಕೇಳಲಿಲ್ಲ, ಎರಡು ಗುಂಟೆ ಜಾಗ ಹೋಗುತ್ತದಂತೆ. ನನ್ನಲ್ಲೂ ಕೆಳಮೂಲೆಯ ಹತ್ತು ಗುಂಟೆ ಇನ್ನೂ ದಾರಿಗೆ ಬಂದಿಲ್ಲ. ಅಲ್ಲಿ ನಾಲ್ಕಡಿ ಸಾಲದು. ಈ ಬೇಸಿಗೆಯಲ್ಲಿ ಅಷ್ಟಕ್ಕೆ ಮಾತ್ರ ಪೈಪ್ ಹಾಕಿಸುತ್ತಿದ್ದೇನೆ.