ಮೇಣ ಬಿಟ್ಟು ಮೌಸ್ ಹಿಡಿದೆ: ಪಾರ್ಷಿಯಲ್ ಡೆಂಚರ್ ಫ್ರೇಮ್ ಮಾಡುವವನ ಅನುಭವ

ಡೆಂಟಲ್ ಲ್ಯಾಬ್‌ನಲ್ಲಿ ನನ್ನ ಕೆಲಸ ಪಾರ್ಷಿಯಲ್ ಡೆಂಚರ್‌ನ ಲೋಹದ ಫ್ರೇಮ್ ಮಾಡುವುದು. ಕೆಲವು ಹಲ್ಲು ಹೋಗಿ ಕೆಲವು ಉಳಿದವರಿಗೆ ಹಾಕಿ ತೆಗೆಯುವ ಸೆಟ್ ಕೊಡುತ್ತಾರಲ್ಲ, ಅದರೊಳಗಿನ ಕೋಬಾಲ್ಟ್ ಕ್ರೋಮ್ ಚೌಕಟ್ಟು. ಹಲ್ಲನ್ನು ಹಿಡಿಯುವ ಕ್ಲಾಸ್ಪ್, ಹಲ್ಲಿನ ಮೇಲೆ ಕೂರುವ ರೆಸ್ಟ್, ಎರಡೂ ಕಡೆ ಸೇರಿಸುವ ಪಟ್ಟಿ, ಅಕ್ರಿಲಿಕ್ ಕಚ್ಚಿಕೊಳ್ಳುವ ಜಾಲರಿ, ಎಲ್ಲಾ ಒಂದೇ ತುಂಡು. ವರ್ಷಗಟ್ಟಲೆ ಇದನ್ನು ಮೇಣದಲ್ಲಿ ತಿದ್ದಿ ಎರಕ ಹೊಯ್ಯುತ್ತಿದ್ದೆ. ಈಗ ಹೆಚ್ಚಿನದನ್ನು ಸ್ಕ್ರೀನ್ ಮೇಲೆ ಬಿಡಿಸಿ ಲೇಸರ್ ಪ್ರಿಂಟಿಗೆ ಕಳಿಸುತ್ತೇನೆ.

ಹಳೆ ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಕಾಸ್ಟ್, ಅಂದರೆ ಬಾಯಿಯ ಅಚ್ಚಿನ ಮಾದರಿ, ಸರ್ವೇ ಮಾಡಿ ಹಲ್ಲಿನ ಉಬ್ಬು ಎಲ್ಲಿದೆ ಎಂದು ಗೆರೆ ಎಳೆದು, ಬೇಡದ ಅಂಡರ್‌ಕಟ್‌ಗಳಿಗೆ (ಉಬ್ಬಿನ ಕೆಳಗೆ ಒಳಸರಿದ ಜಾಗಗಳಿಗೆ) ಮೇಣ ತುಂಬಬೇಕು. ಅದನ್ನು ಅಗಾರ್ ಜೆಲ್‌ನಲ್ಲಿ ಅಚ್ಚು ತೆಗೆದು, ಇನ್ವೆಸ್ಟ್‌ಮೆಂಟ್ ಎಂಬ ಕಾವು ತಡೆಯುವ ಅಚ್ಚಿನ ಪದಾರ್ಥದಲ್ಲಿ ಇನ್ನೊಂದು ಕಾಸ್ಟ್ ಹೊಯ್ಯಬೇಕು. ಅದರ ಮೇಲೆ ಮೇಣದ ಪ್ಯಾಟರ್ನ್, ಲೋಹ ಹರಿಯುವ ದಾರಿ (ಸ್ಪ್ರೂ), ಮತ್ತೆ ಇನ್ವೆಸ್ಟ್‌ಮೆಂಟ್, ಫರ್ನೇಸ್, ಎರಕ. ಪ್ರತಿ ಹಂತದಲ್ಲೂ ಒಂದು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಎರಡೂ ಸರಿದೂಗುತ್ತವೆ ಎಂಬ ನಂಬಿಕೆಯ ಮೇಲೆ ಲ್ಯಾಬ್ ನಡೆಯುತ್ತಿತ್ತು. ಡಿಜಿಟಲ್‌ನಲ್ಲಿ ಈ ಅಚ್ಚಿನ ಮೇಲೆ ಅಚ್ಚು ತೆಗೆಯುವ ಗೋಳು ಪೂರ್ತಿ ಹೋಯಿತು. ಅದೊಂದಕ್ಕೇ ನಾನು ಋಣಿ.

ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ. ಮೊದಲೆಲ್ಲ ಡಾಕ್ಟರ್ ಹಲ್ಲು ತಯಾರಿ ಮುಗಿಸಿ ಅಳತೆ ಕಳಿಸಿದ ಮೇಲೆ ನನ್ನ ಮಾತು ಶುರುವಾಗುತ್ತಿತ್ತು. ಅಷ್ಟೊತ್ತಿಗೆ ಬದಲಾಯಿಸಲು ಏನೂ ಉಳಿದಿರುತ್ತಿರಲಿಲ್ಲ. ಈಗ ಹಲ್ಲು ಮುಟ್ಟುವ ಮೊದಲೇ ಒಂದು ಸ್ಕ್ಯಾನ್ ಕೇಳುತ್ತೇನೆ. ಅದರ ಮೇಲೆ ಡಿಸೈನ್ ಮಾಡಿ, ಎಲ್ಲಿ ರೆಸ್ಟ್ ಸೀಟ್ (ರೆಸ್ಟ್ ಕೂರಲು ಹಲ್ಲಿನಲ್ಲಿ ಮಾಡುವ ಸಣ್ಣ ಗುಳಿ) ಬೇಕು, ಯಾವ ಹಲ್ಲಿನ ಪಕ್ಕ ಸ್ವಲ್ಪ ಚಪ್ಪಟೆ ಮಾಡಬೇಕು ಎಂದು ಚಿತ್ರ ಸಮೇತ ಕಳಿಸುತ್ತೇನೆ. ಅವರು ಬಾಯಲ್ಲಿ ಅಷ್ಟು ಮಾಡಿ ಎರಡನೇ ಸ್ಕ್ಯಾನ್ ಕಳಿಸುತ್ತಾರೆ. ಫ್ರೇಮ್ ಮಾಡುವುದು ಎರಡನೆಯದರ ಮೇಲೆ.

ಒಂದು ಕೇಸ್ ಹೇಳುತ್ತೇನೆ. ಕೆಳದವಡೆ, ಮಧ್ಯದ ಹಲ್ಲುಗಳು ಹೋಗಿವೆ, ಹಿಂದಿನ ದವಡೆ ಹಲ್ಲು ನಾಲಿಗೆ ಕಡೆಗೆ ವಾಲಿದೆ. ಸಾಫ್ಟ್‌ವೇರ್ ಅಂಡರ್‌ಕಟ್ಟನ್ನು ಬಣ್ಣದಲ್ಲಿ ತೋರಿಸುತ್ತದೆ. ಕೋಬಾಲ್ಟ್ ಕ್ರೋಮ್ ಕ್ಲಾಸ್ಪಿನ ತುದಿಗೆ ನನಗೆ ಬೇಕಾದದ್ದು 0.25 ಮಿಲಿಮೀಟರ್ ಆಳದ ಅಂಡರ್‌ಕಟ್. ಈ ಹಲ್ಲಿನಲ್ಲಿ ನಾಲಿಗೆ ಕಡೆ ಬಣ್ಣವೋ ಬಣ್ಣ, ಕೆನ್ನೆ ಕಡೆ ಏನೂ ಇಲ್ಲ. ಡಾಕ್ಟರ್ ಫೋನಿನಲ್ಲಿ, "ಆ ಬಾಣ ಸ್ವಲ್ಪ ತಿರುಗಿಸಿದ್ರೆ ಕೆನ್ನೆ ಕಡೆನೂ ಬಣ್ಣ ಬರುತ್ತಲ್ವಾ?" ಎಂದರು. ಬರುತ್ತದೆ, ನಿಜ. ಫ್ರೇಮ್ ಬಾಯೊಳಗೆ ಹೋಗುವ ದಾರಿಯ ಬಾಣವನ್ನು ಎಷ್ಟು ಬೇಕಾದರೂ ವಾಲಿಸಬಹುದು, ಎಲ್ಲಿ ಬೇಕೋ ಅಲ್ಲಿ ಬಣ್ಣ ಹುಟ್ಟಿಸಬಹುದು. ಆದರೆ ಅಂಟು ಪದಾರ್ಥ ಜಗಿಯುವಾಗ ಸೆಟ್ಟನ್ನು ಎಳೆಯುವುದು ಜಗಿಯುವ ಸಮತಲದಿಂದ ನೇರ ಮೇಲಕ್ಕೆ. ನಮ್ಮ ಬಾಣದ ದಿಕ್ಕು ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಬಾಣ ನೆಟ್ಟಗೆ ಇದ್ದಾಗಲೂ ಕಾಣುವ ಅಂಡರ್‌ಕಟ್ ಮಾತ್ರ ಹಿಡಿಯುತ್ತದೆ. ವಾಲಿಸಿದಾಗ ಮಾತ್ರ ಕಾಣುವುದು ಸುಮ್ನೆ ಬಣ್ಣ, ಅಷ್ಟೇ.

ರಿಂಗ್ ಕ್ಲಾಸ್ಪ್ ಹಾಕಿ ನಾಲಿಗೆ ಕಡೆಯ ಅಂಡರ್‌ಕಟ್ಟನ್ನೇ ಬಳಸಬಹುದಿತ್ತು. ಅದರ ತೋಳು ಹಲ್ಲಿನ ಸುತ್ತ ಬಹಳ ಉದ್ದ ಹೋಗುತ್ತದೆ, ಬಾಗುವುದು ಜಾಸ್ತಿ, ನನಗೆ ಅಷ್ಟು ಇಷ್ಟವಿಲ್ಲ. ಡಾಕ್ಟರ್ ಕೆನ್ನೆ ಕಡೆ ಸ್ವಲ್ಪ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್ ಪದಾರ್ಥ) ಕೂರಿಸಿ, ನಾಲಿಗೆ ಕಡೆಯ ಉಬ್ಬನ್ನು ಎನಾಮೆಲ್ ದಾಟದಂತೆ ತುಸು ತಗ್ಗಿಸಿದರು. ಎರಡನೇ ಸ್ಕ್ಯಾನ್‌ನಲ್ಲಿ ಬಾಣ ನೆಟ್ಟಗಿಟ್ಟೇ 0.25 ಸಿಕ್ಕಿತು. ಕಾಸ್ಟ್ ಮೇಲೆ ಗೆರೆ ಎಳೆಯುವ ಸರ್ವೇಯರ್ ಉಪಕರಣದ ಕಾಲದಲ್ಲೂ ಇದೇ ನಿಯಮ ಇತ್ತು. ಆದರೆ ಕಾಸ್ಟ್ ಮೇಲಿನ ಕಾರ್ಬನ್ ಗೆರೆಯನ್ನು ಫೋನಿನಲ್ಲಿ ವಿವರಿಸಿ ಒಪ್ಪಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಬ್ಲಾಕ್‌ಔಟ್ (ಬೇಡದ ಅಂಡರ್‌ಕಟ್ ತುಂಬುವುದು), ಜಾಲರಿಯ ಕೆಳಗಿನ ರಿಲೀಫ್ (ಅಕ್ರಿಲಿಕ್‌ಗೆ ಬಿಡುವ ಜಾಗ), ಫಿನಿಶ್ ಲೈನ್ (ಲೋಹ, ಅಕ್ರಿಲಿಕ್ ಸೇರುವ ಅಂಚು), ಇವೆಲ್ಲ ಸಾಫ್ಟ್‌ವೇರ್ ಚೆನ್ನಾಗಿ ಮಾಡುತ್ತದೆ. ಕಣ್ಣಿಡಬೇಕಾದ್ದು ಎರಡು ಕಡೆ.

ಒಂದು, ಕೆಳದವಡೆಯ ಲಿಂಗ್ವಲ್ ಬಾರ್, ಅಂದರೆ ನಾಲಿಗೆ ಕಡೆಯಿಂದ ಎರಡೂ ಬದಿ ಸೇರಿಸುವ ಪಟ್ಟಿ. ಬಾರ್ ಕನಿಷ್ಠ 4 ಮಿಲಿಮೀಟರ್ ಎತ್ತರ ಇರಬೇಕು, ವಸಡಿನ ಅಂಚಿನಿಂದ ಕನಿಷ್ಠ 3 ಮಿಲಿಮೀಟರ್ ಕೆಳಗಿರಬೇಕು. ಅಂದರೆ 7 ಮಿಲಿಮೀಟರ್ ಜಾಗವಾದರೂ ಬೇಕು. ಬಾಯೊಳಗೆ ಸ್ಕ್ಯಾನ್ ಮಾಡುವಾಗ ಸ್ಕ್ಯಾನರಿನ ಮೂತಿ ನಾಲಿಗೆಯನ್ನು ಒತ್ತರಿಸುತ್ತದೆ, ಬಾಯಿತಳ ಕೆಳಗಿಳಿಯುತ್ತದೆ. ಸ್ಕ್ರೀನ್ ಮೇಲೆ ಧಾರಾಳ ಜಾಗ ಕಾಣುತ್ತದೆ. ಅದನ್ನು ನಂಬಿ ಬಾರ್ ಇಟ್ಟರೆ ನಾಲಿಗೆ ಎತ್ತಿದಾಗೆಲ್ಲ ಚುಚ್ಚುತ್ತದೆ. ಅದಕ್ಕೇ ನಾಲಿಗೆ ಸ್ವಲ್ಪ ಎತ್ತಿಸಿ ಪ್ರೋಬಿನಲ್ಲಿ ಅಳೆದು ನಂಬರ್ ಬರೆದು ಕಳಿಸಿ ಎಂದು ಕೇಳುತ್ತೇನೆ. ಜಾಗ ಸಾಲದಿದ್ದರೆ ಹಲ್ಲಿನ ಹಿಂಬದಿಗೆ ಹತ್ತಿ ಕೂರುವ ಲಿಂಗ್ವಲ್ ಪ್ಲೇಟ್.

ಇನ್ನೊಂದು, ದಪ್ಪ. ಜೂಮ್ ಮಾಡಿದಾಗ ಕ್ಲಾಸ್ಪಿನ ತೋಳು ತೊಲೆಯ ಹಾಗೆ ಕಾಣುತ್ತದೆ. ಕೈ ತಡೆಯದೆ ಸವರಿ ಸಣ್ಣ ಮಾಡಿಬಿಡುತ್ತೇವೆ. ಪ್ರಿಂಟ್ ಆಗಿ ಬಂದ ಲೋಹದ ಮೈ ಒರಟು. ಅದನ್ನು ಉಜ್ಜಿ, ಎಲೆಕ್ಟ್ರೋಪಾಲಿಶ್ ಮಾಡಿ, ಹೊಳಪು ಕೊಡುವಷ್ಟರಲ್ಲಿ ಇನ್ನಷ್ಟು ಲೋಹ ಹೋಗಿರುತ್ತದೆ. ಹಾಗಾಗಿ ಕಣ್ಣಿಗಿಂತ ಅಳತೆಯ ಟೂಲನ್ನು ನಂಬುತ್ತೇನೆ. ತೋಳಿನ ತುದಿ ಬುಡದ ಅರ್ಧ ದಪ್ಪಕ್ಕೆ ಬರುವಂತೆ ಸಣ್ಣಗಾಗುತ್ತಾ ಹೋಗಬೇಕು. ರೆಸ್ಟ್ ಮಾತ್ರ 1 ಮಿಲಿಮೀಟರಿಗಿಂತ ಕೆಳಗೆ ಇಳಿಯಕೂಡದು.

ಫೈಲ್ ಸಿದ್ಧವಾದ ಮೇಲೆ ಎರಡು ದಾರಿ. ಸುಟ್ಟುಹೋಗುವ ರೆಸಿನ್‌ನಲ್ಲಿ ಪ್ರಿಂಟ್ ಮಾಡಿ ಹಳೆ ಥರ ಎರಕ ಹೊಯ್ಯಬಹುದು. ಶುರುವಿನಲ್ಲಿ ನಾನು ಮಾಡಿದ್ದು ಇದನ್ನೇ. ತೆಳ್ಳನೆ ರೆಸಿನ್ ಫ್ರೇಮ್ ಕೈಯಲ್ಲೇ ಸೊಟ್ಟಗಾಗುತ್ತದೆ, ಎರಡು ತುದಿಗಳ ನಡುವೆ ಅಡ್ಡಪಟ್ಟಿ ಕೊಟ್ಟು ಹಿಡಿಸಬೇಕು. ಈಗ ನೇರ ಲೋಹದಲ್ಲೇ ಪ್ರಿಂಟ್. ಕೋಬಾಲ್ಟ್ ಕ್ರೋಮ್ ಪುಡಿಯನ್ನು ತೆಳು ಪದರವಾಗಿ ಹರಡಿ, ಆರ್ಗಾನ್ ಅಥವಾ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಲೇಸರ್ ಬೇಕಾದಲ್ಲಿ ಕರಗಿಸುತ್ತಾ ಹೋಗುತ್ತದೆ. ಒಂದು ಪದರ ಸಾಮಾನ್ಯವಾಗಿ 20ರಿಂದ 50 ಮೈಕ್ರಾನ್. ಪ್ರಿಂಟಿಂಗ್ ಸೆಂಟರಿಗೆ ಕಳಿಸುವಾಗ ನನ್ನದು ಎರಡು ಷರತ್ತು. ಸಪೋರ್ಟ್ ಕಡ್ಡಿಗಳು ವಸಡಿಗೆ ತಾಗುವ ಮೈಯಲ್ಲಿ, ರೆಸ್ಟಿನ ತಳದಲ್ಲಿ, ಕ್ಲಾಸ್ಪಿನ ಒಳಮೈಯಲ್ಲಿ ಇರಕೂಡದು. ಫ್ರೇಮನ್ನು ಪ್ರಿಂಟರಿನ ತಳದ ಪ್ಲೇಟಿನಿಂದ ಕತ್ತರಿಸುವ ಮೊದಲೇ ಹೀಟ್ ಟ್ರೀಟ್‌ಮೆಂಟ್ ಆಗಿರಬೇಕು. ಲೇಸರ್ ಕರಗಿಸಿದ ಲೋಹ ತಣಿಯುವಾಗ ಒಳಗೇ ಬಿಗಿತ ಕೂತಿರುತ್ತದೆ. ಹಾಗೇ ಕತ್ತರಿಸಿದರೆ ಅದು ಸಡಿಲಾಗಿ ಫ್ರೇಮ್ ಹಿಗ್ಗಿ ಅಗಲವಾಗುತ್ತದೆ. ಸ್ಕ್ರೀನ್ ಮೇಲೆ ಸರಿ ಇದ್ದದ್ದು ಬಾಯಲ್ಲಿ ಅಲ್ಲಾಡುತ್ತದೆ.

ಹಿಂದಿನ ಹಲ್ಲೇ ಇಲ್ಲದ ಕೇಸಿನಲ್ಲಿ, ಅಂದರೆ ಕೆನಡಿ ವಿಂಗಡಣೆಯ ಕ್ಲಾಸ್ 1 (ಎರಡೂ ಬದಿ) ಮತ್ತು 2ರಲ್ಲಿ (ಒಂದೇ ಬದಿ), ನಾನು ಪೂರ್ತಿ ಡಿಜಿಟಲ್‌ಗೆ ಹೋಗುವುದಿಲ್ಲ. ಮುಂದೆ ಹಲ್ಲಿನ ಆಸರೆ, ಹಿಂದೆ ಬರೀ ವಸಡು. ಜಗಿಯುವಾಗ ಹಲ್ಲು ಇಳಿಯುವುದಕ್ಕಿಂತ ವಸಡು ಎಷ್ಟೋ ಜಾಸ್ತಿ ಇಳಿಯುತ್ತದೆ. ಸ್ಕ್ಯಾನರ್ ವಸಡನ್ನು ಮುಟ್ಟುವುದೇ ಇಲ್ಲ, ಒತ್ತಡವಿಲ್ಲದ ಆಕಾರವನ್ನಷ್ಟೇ ಕೊಡುತ್ತದೆ. ಅದರ ಮೇಲೇ ಅಕ್ರಿಲಿಕ್ ಕಟ್ಟಿದರೆ ಸೆಟ್ ಹಿಂದಕ್ಕೆ ಕುಸಿದು ಕೊನೆಯ ಹಲ್ಲನ್ನು ಅಲುಗಿಸುತ್ತದೆ. ಅದಕ್ಕೆ ಫ್ರೇಮ್ ಮಾತ್ರ ಸ್ಕ್ಯಾನ್‌ನಿಂದ. ಆಮೇಲೆ ಜಾಲರಿಗೆ ಅಕ್ರಿಲಿಕ್ ಟ್ರೇ ಕಟ್ಟಿ ಕಳಿಸುತ್ತೇನೆ. ಡಾಕ್ಟರ್ ಅದರಲ್ಲಿ ಅಂಚು ತಿದ್ದಿ ವಸಡಿನ ಅಳತೆ ತೆಗೆಯುತ್ತಾರೆ. ಟ್ರೇ ಮೇಲೆ ಬೆರಳಿಡಬೇಡಿ, ಒತ್ತುವುದಿದ್ದರೆ ರೆಸ್ಟ್ ಮೇಲೆ ಒತ್ತಿ ಎಂದು ಪ್ರತಿ ಸಲ ಚೀಟಿಯಲ್ಲಿ ಬರೆಯುತ್ತೇನೆ. ಇಂಥ ಕೇಸಿಗೆ ಪೀಕ್ (PEEK) ಎಂಬ ಪ್ಲಾಸ್ಟಿಕ್ಕಿನ ಫ್ರೇಮ್ ಕೇಳಿದರೂ ನಾನು ಒಪ್ಪುವುದಿಲ್ಲ. ಪೀಕ್ ಹಗುರ, ಲೋಹದ ಬಣ್ಣವಿಲ್ಲ, ಸರಿ. ಆದರೆ ಬಾಗದೆ ತಡೆಯುವ ಅದರ ಬಿಗುವು (ಇಲಾಸ್ಟಿಕ್ ಮಾಡ್ಯುಲಸ್) ಸುಮಾರು 4 ಗಿಗಾಪಾಸ್ಕಲ್, ಕೋಬಾಲ್ಟ್ ಕ್ರೋಮ್‌ನದು 200ರ ಮೇಲೆ. ಬಾಗುವ ಪಟ್ಟಿ ಭಾರವನ್ನು ಆ ಕಡೆಗೆ ಹಂಚುವುದಾದರೂ ಹೇಗೆ?

ಫ್ರೇಮ್ ಮುರಿದರೆ, ಕಳೆದರೆ ಫೈಲ್ ಇದೆಯಲ್ಲ, ಇನ್ನೊಂದು ಪ್ರಿಂಟ್ ಕೊಡಿ ಎಂದು ಕೇಳುವವರಿದ್ದಾರೆ. ಕೊಡಬಹುದು. ಆದರೆ ನಡುವೆ ಒಂದು ಹಲ್ಲಿಗೆ ಹೊಸ ಫಿಲ್ಲಿಂಗ್ ಆಗಿದ್ದರೂ ಅಲ್ಲಿನ ರೆಸ್ಟ್ ಕೂರುವುದಿಲ್ಲ. ಹಾಗಾಗಿ ಹೊಸ ಸ್ಕ್ಯಾನ್ ತರಿಸಿ, ಹಳೆಯದರ ಮೇಲೆ ಹೊಂದಿಸಿ, ವ್ಯತ್ಯಾಸ ಇರುವ ಹಲ್ಲಿನ ಹತ್ತಿರ ಡಿಸೈನ್ ತಿದ್ದಿ, ಆಮೇಲಷ್ಟೇ ಕಳಿಸುತ್ತೇನೆ.