ತರಗೆಲೆ ಗೊಬ್ಬರ, ಮೂರನೇ ಸಲಕ್ಕೆ ಕೈಗೆ ಬಂತು

ಕೋಲಾರದ ಹತ್ರ ನಮ್ಮ ಹಿತ್ತಲು ಹತ್ತು ಗುಂಟೆ ಇರ್ಬೋದು, ಬೇಲಿಗುಂಟ ಹೊಂಗೆ, ಎರಡು ಬೇವು, ಒಂದು ಹಳೇ ಮಾವು. ಸಂಕ್ರಾಂತಿ ಕಳೀತಿದ್ದಂಗೆ ಎಲೆ ಉದುರೋಕೆ ಶುರು, ಯುಗಾದಿವರ್ಗೂ ಗುಡಿಸಿದ್ದೇ ಗುಡಿಸಿದ್ದು, ಬೆಂಕಿ ಇಟ್ಟಿದ್ದೇ ಇಟ್ಟಿದ್ದು. ಇದನ್ನ ಗೊಬ್ಬರ ಮಾಡ್ತೀನಿ ಅಂದಾಗ ದೊಡ್ಡಪ್ಪ, "ಸಗಣಿ ಇಲ್ದೆ ಎಂಥ ತಿಪ್ಪೆನೋ, ಗೆದ್ದಲು ಸಾಕ್ತೀಯ ಅಷ್ಟೇ" ಅಂದ್ರು.

ಮೊದಲ್ನೇ ವರ್ಷ ಅವರ ಮಾತೇ ಆಯ್ತು. ಗುಂಡಿ ತೋಡಿದ ಕೂಲಿ 1,200, ಅಂಗಡಿಯೋನು ತಲೆಗೆ ಕಟ್ಟಿದ, ಎಲೆ ಕೊಳೆಸೋ ಸೂಕ್ಷ್ಮಜೀವಿಗಳ ಕಲ್ಚರ್ ಪ್ಯಾಕೆಟ್ 350, ಬೆಲ್ಲ ಬೇರೆ. ಬರೀ ಎಲೆ ತುಂಬಿ ಬೇಸಿಗೆಯೆಲ್ಲ ನೀರು ಹಾಕಿ ನಾಲ್ಕು ತಿಂಗಳಾದ್ಮೇಲೆ ತೆಗೆದ್ರೆ ಎಲೆ ಎಲೆಯಾಗೇ ಇತ್ತು, ಊಟದೆಲೆ ಕಟ್ಟಿನ ತರ ಒಂದಕ್ಕೊಂದು ಅಂಟ್ಕೊಂಡು ಒಳಗೆ ನೀರೇ ಇಳಿದಿಲ್ಲ, ತಳದಲ್ಲಿ ಗೆದ್ದಲು. ಎರಡನೇ ವರ್ಷ ಮಳೆಗಾಲದ ಹುಲ್ಲು ಮಾತ್ರ ಗುಡ್ಡೆ ಹಾಕ್ದೆ. ಎರಡೇ ದಿನಕ್ಕೆ ಬಿಸಿ ಬಂತು ಅಂತ ಕುಣಿದೆ, ವಾರಕ್ಕೆ ಲೋಳೆ ಲೋಳೆ ಆಗಿ ಯೂರಿಯಾ ಚೀಲ ನೆನೆದಂಗೆ ಮೂಗಿಗೆ ಹೊಡೆಯೋ ವಾಸನೆ, ಪಕ್ಕದ್ಮನೆ ಆಂಟಿ ಇವತ್ತಿಗೂ ಸರಿಯಾಗಿ ಮಾತಾಡಲ್ಲ.

ತಪ್ಪು ಆಮೇಲೆ ಹೊಳೀತು, ಒಣ ಎಲೆ ಹಸಿ ಹುಲ್ಲು ಎರಡೂ ಬೆರೆಸ್ಬೇಕಿತ್ತು. ನಮ್ಮ ಕಡೆ ಎಲೆ ಉದುರೋದು ಬಿಸಿಲಲ್ಲಿ, ಹುಲ್ಲು ಬರೋದು ಮಳೇಲಿ, ಎರಡೂ ಒಟ್ಟಿಗೆ ಸಿಗೋದೇ ಇಲ್ಲ. ಅದಕ್ಕೆ ಮೂರನೇ ವರ್ಷ 40 ಚೀಲ ಎಲೆ ಒಣಗಿದ್ದು ಒಣಗಿದ್ದಂಗೇ ಶೆಡ್ಡಲ್ಲಿ ಇಟ್ಟೆ. ಇಡೋಕ್ ಮುಂಚೆ ರಾಗಿ ತೆನೆ ರೋಡಿಗೆ ಹರಡ್ತಾರಲ್ಲ, ಹಂಗೇ ನಮ್ಮ ಗೇಟ್ ಮುಂದಿನ ದಾರೀಲಿ ಹರಡಿ ಟ್ರ್ಯಾಕ್ಟರ್ ನಾಲ್ಕು ಸಲ ಓಡಿಸ್ದೆ, ಮಾವಿನೆಲೆ ಕೂಡ ನುಚ್ಚಾಯ್ತು. ಎಲೆ ಪುಡಿ ಮಾಡೋ ಶ್ರೆಡ್ಡರ್ ಮಷೀನ್ ತಗೊಂಡಿದ್ರೆ ಎಷ್ಟು ಸಾವಿರ ಹೋಗ್ತಿತ್ತು ಲೆಕ್ಕ ಹಾಕಿ!

ಜುಲೈನಲ್ಲಿ ಹುಲ್ಲು ಬಂತು. ಮೂರು ಮಂಕರಿ ಎಲೆಗೆ ಒಂದು ಮಂಕರಿ ಹಸಿ ಹುಲ್ಲು, ಹಿಂಡಿದ್ರೆ ಬೆರಳ ಸಂದೀಲಿ ಒಂದೆರಡು ಹನಿ ಬರೋಷ್ಟು ನೀರು, ಎದೆಮಟ್ಟ ಗುಡ್ಡೆ. ನಾಲ್ಕನೇ ದಿನ ಹಾರೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದ್ರೆ ಹಿಡಿಯೋಕಾಗ್ಲಿಲ್ಲ. ಥರ್ಮಾಮೀಟರ್ ಸಾಲ ತಂದು ನೋಡಿದ್ರೆ 60ರ ಮೇಲೆ. ಹುಚ್ಚಿಗೆ ಒಂದು ಮೊಟ್ಟೆ ಹೂತಿಟ್ಟೆ, ಮಾರನೇ ದಿನ ಬಿಳಿ ಭಾಗ ಮೊಸರಿನಂಗೆ ಗಟ್ಟಿ ಆಗಿತ್ತು, ತಿನ್ನೋ ಧೈರ್ಯ ಬರ್ಲಿಲ್ಲ. ವಾರಕ್ಕೊಂದ್ಸಲ ಮಗುಚಿದೆ. ಎರಡನೇ ಮಗುಚಿಗೆ ನೀರಲ್ಲಿ ಕಲಸಿ ಹಾಕಿದ್ದು ಒಂದಿದೆ, ಅದು ನನ್ನ ಹತ್ರಾನೇ ಇರ್ಲಿ.

ಗರಿಕೆ ಹಾಕೋರು ಹುಷಾರು, ಅಂಚಲ್ಲಿ ಬಿಸಿ ತಾಗದೆ ಉಳಿದಿದ್ದು ಗುಡ್ಡೆಯಲ್ಲೇ ಚಿಗುರ್ತು. ನೀಲಗಿರಿ ಎಲೆ ಎರಡು ಚೀಲ ಬೇರೆ ಗುಡ್ಡೆ ಹಾಕಿದ್ದೆ, ಅದಿನ್ನೂ ಹಂಗೇ ಬಿದ್ದಿದೆ.

75 ದಿನಕ್ಕೆ ಜರಡಿ ಹಿಡಿದ್ರೆ ಹತ್ತು ಚೀಲ ಕಪ್ಪು ಪುಡಿ, ಮೊದಲ ಮಳೆಯ ಮಣ್ಣಿನ ವಾಸನೆ. ಹೋದ ವರ್ಷ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರಕ್ಕೆ 5,000 ಚಿಲ್ರೆ ಕೊಟ್ಟಿದ್ದೆ, ಈ ಸಲ ಟೊಮೇಟೊ ಸಾಲಿಗೆ ಇದೇ ಹೋಯ್ತು. ದೊಡ್ಡಪ್ಪ ಬಂದು ಮುಷ್ಟಿ ತುಂಬ ತಗೊಂಡು ಮೂಸಿ ನೋಡಿ, "ಸಗಣಿ ಎಲ್ಲಿಂದ ತಂದ್ಯೋ" ಅಂದ್ರು.