ಹತ್ತು ಮೀನಿಗೆ ಥರ್ಮಾಮೀಟರ್ ಹಿಡಿದು ಕಾದಿದ್ದು

ತೀರ್ಥಹಳ್ಳಿ ಕಡೆ ನಮ್ಮ ಗದ್ದೆಯ ಕೆಳಗೊಂದು ಹಳ್ಳ ಇದೆ. ಮುಂಗಾರು ಹಿಡಿದಾಗ ಹೊಳೆಯ ಮೀನುಗಳು ಆ ಹಳ್ಳ ಏರಿ ಗದ್ದೆಗೆ ಬರುತ್ತವೆ, ಮೊಟ್ಟೆ ಇಡಲು. ಅದೇ ಹತ್ತು ಮೀನು. ಯಾವ ರಾತ್ರಿ ಹತ್ತುತ್ತವೆ ಅಂತ ಮೊದಲೇ ಹೇಳಬಹುದಾ? ಈ ಹುಚ್ಚಿಗೆ ಒಂದು ಥರ್ಮಾಮೀಟರ್ ತಂದೆ.

ಮೊದಲ ವರ್ಷ ಅಳತೆಯೇ ತಪ್ಪು. ದಡದ ಬಿಸಿಲಿನ ನೀರಿಗೆ ಅದ್ದಿ ನೋಡುತ್ತಿದ್ದೆ. ಏಪ್ರಿಲ್ ಮಧ್ಯಾಹ್ನ 31 ಡಿಗ್ರಿ, ಮೀನೇ ಇಲ್ಲ. ಆಮೇಲೆ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಕಲ್ಲು ಕಟ್ಟಿ, ಹಳ್ಳದ ಗುಂಡಿಯ ತಳಕ್ಕೆ ಬಿಟ್ಟೆ. ಹತ್ತು ನಿಮಿಷ ಬಿಟ್ಟು ನೀರು ಸಮೇತ ಎಳೆದರೆ 27. ಸುಮ್ನೆ ಎಳೆದರೆ ಮೇಲೆ ಬರುವಷ್ಟರಲ್ಲಿ ಅಂಕಿ ಬದಲಾಗುತ್ತದೆ.

ಮೀನುಗಳು ತಳ ಹಿಡಿದಿದ್ದಕ್ಕೆ ಕಾರಣ ಇದೆ. ನೀರಿನ ಬಿಸಿಯೇ ಮೀನಿನ ಮೈಬಿಸಿ. ನೀರು ಕಾದಷ್ಟೂ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು. ಆದರೆ ಕಾದ ನೀರಲ್ಲಿ ಅದು ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ.

ಮೇ ತಿಂಗಳ ಗುಡುಗು ಮಳೆಗೆ ನೀರು ಎರಡು ಡಿಗ್ರಿ ಇಳಿಯಿತು. ತಂಪಾಯಿತಲ್ಲ, ಇನ್ನು ಹತ್ತುತ್ತವೆ ಅಂತ ಟಾರ್ಚ್ ಹಿಡಿದು ರಾತ್ರಿ ಎರಡರವರೆಗೆ ಕಾದೆ. ಸಿಕ್ಕಿದ್ದು ಉಂಬಳ (ಜಿಗಣೆ) ಮಾತ್ರ. ಮಾರನೇ ಮಧ್ಯಾಹ್ನ ನೀರು ಮತ್ತೆ ಕಾದಿತ್ತು.

'ನಿನ್ನ ಗಾಜಿನ ಕಡ್ಡಿ ಆಚೆ ಇಡು ಮಾರಾಯ. ಮೃಗಶಿರ ಹಿಡೀಲಿ, ಗದ್ದೆ ನೀರು ಹಳ್ಳಕ್ಕೆ ಬೀಳ್ಲಿ' ಅಂದರು ಅಪ್ಪಯ್ಯ.

ಮೂರನೇ ವರ್ಷ ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಬರೆದಿಟ್ಟೆ. ಆಗ ಗೊತ್ತಾಯಿತು. ಬೇಸಿಗೆಯಲ್ಲಿ ಎರಡರ ನಡುವೆ ನಾಲ್ಕು ಡಿಗ್ರಿ ಅಂತರ. ಮೃಗಶಿರ ಹಿಡಿದ ಮೂರನೇ ದಿನ ಎರಡೂ ಹೊತ್ತು 23. ಮೋಡ ಬಿಡಲೇ ಇಲ್ಲವಲ್ಲ! ಅವತ್ತೇ ಗದ್ದೆಯ ಕೆಂಪು ನೀರು ಅಂಚು ದಾಟಿ ಹಳ್ಳಕ್ಕೆ ಧುಮುಕುತ್ತಿತ್ತು. ರಾತ್ರಿ ಎಂಟಕ್ಕೆ ಮೊದಲ ಗಿರ್ಲು ಮೀನು ಕಂಡಿತು, ಹಿಂದೆಯೇ ಕುಚ್ಚು ಮೀನು.

ಹಾಗಂತ ತಂಪೊಂದೇ ಸಾಲದು. ಮರುವರ್ಷ ಬರೀ ಜಿಟಿಜಿಟಿ ಮಳೆ. ನೀರು 23ಕ್ಕೆ ಇಳಿದರೂ ಹರಿವು ಇರಲಿಲ್ಲ, ಒಂದು ಮೀನೂ ಹತ್ತಲಿಲ್ಲ. ಅಪ್ಪಯ್ಯ ಹೇಳಿದ್ದು ಅದನ್ನೇ ಅಲ್ವಾ?

ಮೊದಲೆಲ್ಲ ಕತ್ತಿ ಹಿಡಿದು ಕಡಿಯುತ್ತಿದ್ದೆವು, ಹೊಟ್ಟೆ ತುಂಬ ಮೊಟ್ಟೆ ಇದ್ದರೂ. ಈಗ ನಾನು ಕಡಿಯುವುದಿಲ್ಲ. ಸಾರು ತಪ್ಪಿತಲ್ಲ ಅಂತ ಅಪ್ಪಯ್ಯನಿಗೆ ಇನ್ನೂ ಸಿಟ್ಟಿದೆ. ಈ ಸಲ ಥರ್ಮಾಮೀಟರ್ ಗದ್ದೆಗೇ ಇಡುತ್ತೇನೆ. ಮರಿಗಳು ಬೆಳೆಯುವುದು ಅಲ್ಲೇ ತಾನೆ.